ಆರಾಮ ಎಂದು ಬರೆಯುವ ದವಾಖಾನೆ

ವಿಶಾಖಾ ಗಾಜ್ ಬಟ್ಟೆ ಕತ್ತರಿಸುತ್ತಿದ್ದಳು. ಥಾನನ್ನು ಮೇಜಿನ ಮೇಲೆ ಬಿಚ್ಚಿ ಹಾಕಿ, ಅಂಗೈಯಗಲ ತುಂಡು ಮಾಡಿ, ಅಂಚಿನ ದಾರ ಒಳಗೆ ಹೋಗುವಂತೆ ಮಡಿಚಿ, ಉಗಿಯಲ್ಲಿ ಬೇಯಿಸುವ ಡಬ್ಬಿಗೆ ತುಂಬುವ ಕೆಲಸ. ದಾರ ಹೊರಗುಳಿದರೆ ಅದು ಗಾಯಕ್ಕೆ ಅಂಟುತ್ತದೆ, ಬಿಚ್ಚುವಾಗ ರೋಗಿ ಕಿರುಚುತ್ತಾನೆ. ಡಾಕ್ಟರ್ ರಾಮಲಿಂಗ ಅವರಿಗೆ ರೋಗಿಗಳು ಕಿರುಚುವುದು ಸೇರುವುದಿಲ್ಲ. ಕರುಣೆಯಿಂದಲ್ಲ, ಹೊರಗೆ ಕೂತ ಗಿರಾಕಿಗಳು ಎದ್ದು ಹೋದಾರು ಎಂಬ ಚಿಂತೆಯಿಂದ.

ತಿಕೋಟಾದ ಬಸ್ ಸ್ಟ್ಯಾಂಡಿನ ಹಿಂದಿರುವ ಆ ಪುಟ್ಟ ದವಾಖಾನೆ ರಾಮಲಿಂಗ ಅವರ ಸ್ವಂತದ್ದು. ವಿಶಾಖಾ ಅಲ್ಲಿಯ ಹಿರಿಯ ನರ್ಸ್. ವಿಜಯಪುರದ ಜಲನಗರದ ಮನೆಯಿಂದ ದಿನವೂ ಬಸ್ಸು ಹಿಡಿದು ಬರುತ್ತಾಳೆ, ಬಂದವಳೇ ಮೊದಲು ಮಾಡುವ ಕೆಲಸ ಒಂದಿದೆ. ಡಾಕ್ಟರು ರೌಂಡಿಗೆ ಬರುವ ಮುಂಚೆ ಎಲ್ಲ ಹಾಸಿಗೆಗಳ ಕೇಸ್ ಶೀಟಿನಲ್ಲಿ ‘ರೋಗಿ ಆರಾಮ’ ಎಂದು ಬರೆದಿಡುವುದು. ಡಾಕ್ಟರು ಅದನ್ನು ಓದುತ್ತಾರೆ, ತಲೆಯಾಡಿಸುತ್ತಾರೆ, ರುಜು ಹಾಕುತ್ತಾರೆ. ಹಾಸಿಗೆಯ ಮೇಲೆ ಮಲಗಿದವರ ಮುಖ ನೋಡುವ ತ್ರಾಸು ತಪ್ಪುತ್ತದೆ. ಕಾಲು ಮುರಿದವನೂ ಆರಾಮ, ಕರುಳು ತಿರುಚಿದವಳೂ ಆರಾಮ. ಒಮ್ಮೆ ಬೆಳಗಿನ ಜಾವ ತೀರಿಕೊಂಡ ಮುದುಕನ ಶೀಟಿನಲ್ಲಿಯೂ ಆರಾಮ ಎಂದೇ ಇತ್ತು. ಆ ದವಾಖಾನೆಯಲ್ಲಿ ಬರೆದದ್ದರಲ್ಲಿ ಖರೆ ಮಾತು ಬಹುಶಃ ಅದೊಂದೇ.

“ಸಿಸ್ಟರ, ಆ ಕತ್ರಿ ಕೆಳಗಿಡು,” ಎಂದರು ರಾಮಲಿಂಗ, ಬಾಗಿಲಲ್ಲಿ ನಿಂತು. ಕೈಯಲ್ಲಿ ಹೊಳೆಯುವ ಕಾಗದ. “ವಿಜಾಪುರದಾಗ ಮೂರ ದಿನದ ಟ್ರೇನಿಂಗ ಐತಿ. ನೋವಿಂದು.”

“ಯಾರ ನೋವಿಂದ್ರಿ ಸರ?”

“ಯಾರದರೆ ಇರಲಿ ಬಿಡು. ನೋವು ಹೆಂಗ ಕಡಿಮಿ ಮಾಡಬೇಕಂತ ಡಾಕ್ಟರಗೋಳಿಗೆ ಕಲಸ್ತಾರಂತ. ನನ್ನ ರಜಿಸ್ಟ್ರೇಶನ್ ರಿನ್ಯೂ ಆಗಬೇಕಂದ್ರ ಪಾಯಿಂಟ ಬೇಕು. ಜೋಡಿ ಒಬ್ಬಾಕಿ ನರ್ಸ ಇರಬೇಕಂತ ಬರದಾರ. ನೀ ಬಾ. ಊಟಾ ಛಲೋ ಇರತೈತಿ.”

ವಿಶಾಖಾ ಕತ್ತರಿ ಕೆಳಗಿಡಲಿಲ್ಲ. “ಹಂಗಾರ ಆ ಅರ್ಜಿ ಕಳಸಾಕ ಬರತೈತಲ್ರಿ ಈಗ? ಟ್ರೇನಿಂಗ ಆಗಿಲ್ಲಂತ ತಡದಿದ್ರಿ.”

“ಯಾವ ಅರ್ಜಿ?”

ಯಾವ ಅರ್ಜಿ ಎಂದು ಅವರಿಗೆ ಗೊತ್ತಿತ್ತು. ದವಾಖಾನೆಯಲ್ಲಿ ಮಾರ್ಫಿನ್ ಗುಳಿಗೆ ಇಟ್ಟುಕೊಳ್ಳಲು ಅನುಮತಿ ಬೇಡಿ ಔಷಧ ಇಲಾಖೆಗೆ ಬರೆದ ಪತ್ರ ಅದು. ವಿಶಾಖಾಳೇ ಝೆರಾಕ್ಸ್ ಅಂಗಡಿಯಲ್ಲಿ ಕೂತು ಟೈಪ್ ಮಾಡಿಸಿ ತಂದಿದ್ದಳು. ನೋವಿನ ಚಿಕಿತ್ಸೆಯಲ್ಲಿ ತರಬೇತಾದ ವೈದ್ಯರಿದ್ದರೆ ಇಂಥ ಸಣ್ಣ ದವಾಖಾನೆಗೂ ಅನುಮತಿ ಸಿಗುತ್ತದೆ. ಡಾಕ್ಟರ ಒಂದು ರುಜು ಬೇಕಿತ್ತು, ಅಷ್ಟೇ. ಅದು ಬೇಸಿಗೆಯಲ್ಲಿ ಅವರ ಡ್ರಾಯರಿಗೆ ಹೋದದ್ದು, ಮಳೆಗಾಲ ಕಳೆದು ಚಳಿ ಬಂದರೂ ಹೊರಗೆ ಬಂದಿರಲಿಲ್ಲ.

ಅದು ಬೇಕಾಗಿದ್ದದ್ದು ಬಬಲೇಶ್ವರದ ರಾಜಬಿಗೆ. ಬಳೆ ತೊಡಿಸುವ ರಾಜಬಿ ಎಂದರೆ ಆ ಕಡೆಯ ಹೆಂಗಸರಿಗೆಲ್ಲ ಗೊತ್ತು. “ಕೈ ಸಡ್ಲ ಬಿಡ ಬೇ, ನೋಯಿಸೂದಿಲ್ಲ,” ಎನ್ನುತ್ತ ಎಂಥ ದಪ್ಪ ಕೈಗೂ ಗಾಜಿನ ಬಳೆ ಏರಿಸುತ್ತಿದ್ದವಳು. ಈಗ ಎದೆಯ ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದಿತ್ತು. ದೊಡ್ಡ ಆಸ್ಪತ್ರೆಯವರು ಇನ್ನು ಮಾಡುವುದೇನಿಲ್ಲ ಎಂದು ಕಳಿಸಿದ್ದರು. ನೋವಿಗೆ ಮಾರ್ಫಿನ್ ಬೇಕು ಎಂದು ಚೀಟಿ ಬರೆದುಕೊಟ್ಟರು. ಅದು ಸಿಗುವ ಊರಿಗೆ ಹೋಗಿಬರಲು ಇಡೀ ದಿನದ ಬಸ್ಸು, ಒಂದು ದಿನದ ಕೂಲಿಯ ನಷ್ಟ. ಒಂದು ಸಲ ತಂದ ಗುಳಿಗೆ ಮುಗಿದ ಮೇಲೆ ಮಗಳು ಶಾಹೀನ ತಾಯಿಯನ್ನು ಒಬ್ಬಳೇ ಬಿಟ್ಟು ಮತ್ತೆ ಹೋಗಲಾರದೆ ಕೂತಿದ್ದಳು. ತಿಕೋಟಾ ಹತ್ತಿರ. ತಿಕೋಟಾದಲ್ಲಿ ಸಿಕ್ಕರೆ ಪಕ್ಕದ ಮನೆಯವರಿಂದಲೂ ತರಿಸಬಹುದು.

“ಓ, ಆ ಅಫೀಮಿನ ಅರ್ಜಿ,” ಎಂದರು ರಾಮಲಿಂಗ. “ಏ, ಅದೊಂದು ಲಫಡಾ. ಕೀಲಿ ಹಾಕೂ ಬೀರು ಬೇಕು, ಒಂದೊಂದು ಗುಳಿಗಿದೂ ಲೆಕ್ಕ ಇಡಬೇಕು, ಯಾವರೆ ಒಬ್ಬ ಬಂದು ತಪಾಸ ಮಾಡಿ ಹೋಗತಾನ. ನಮ್ಮ ಮಂದೀಗೆ ಒದರೂ ಚಟಾ ಸಿಸ್ಟರ. ಸ್ವಲ್ಪ ನೋವಾದ್ರ ಓಣಿಗೆಲ್ಲಾ ಕೇಳಬೇಕು. ನೋಡೂಣು, ಟ್ರೇನಿಂಗ ಆಗಲಿ ಮೊದಲ.”

ತರಬೇತಿ ನಡೆದದ್ದು ಒಂದು ಹೋಟೆಲಿನ ಎಸಿ ಮೀಟಿಂಗ್ ಹಾಲಿನಲ್ಲಿ. ನೋವಿನ ಬಗ್ಗೆ ಮಾತಾಡುವುದಕ್ಕೆ ಎಷ್ಟು ಮೆತ್ತನೆಯ ಕುರ್ಚಿಗಳು! ಬಾಗಿಲಲ್ಲೇ ಒಂದು ಚೀಲ, ಒಂದು ಪೆನ್ನು, ಒಂದು ಗುಲಾಬಿ ಹೂವು. ಹಾಜರಿ ಪುಸ್ತಕದ ಮುಂದೆ ನಿಂತ ಡಾಕ್ಟರುಗಳು ಮೂರೂ ದಿನದ ರುಜುವನ್ನು ಒಂದೇ ಉಸಿರಿಗೆ ಹಾಕಿ ಮುಗಿಸುತ್ತಿದ್ದರು. ಬೆಳಗಿನ ಉಪ್ಪಿಟ್ಟು ತಿಂದು ಸ್ವಂತ ದವಾಖಾನೆಗೆ ಓಡಿದವರು ಮಧ್ಯಾಹ್ನದ ಹೋಳಿಗೆಗೆ ಸರಿಯಾಗಿ ಮರಳಿ ಬಂದರು. ಅವರ ಮೂಗಿಗೆ ಅದೇನು ಗಡಿಯಾರ ಕಟ್ಟಿತ್ತೋ. ಉಳಿದವರು ಕೂತಲ್ಲೇ ಮೊಬೈಲಿನಲ್ಲಿ ಸೈಟಿನ ಬೆಲೆ ನೋಡುತ್ತಿದ್ದರು. ರಾಮಲಿಂಗ ಹಿಂದಿನ ಸಾಲಿನಲ್ಲಿ ನಿದ್ದೆ ಹೊಡೆದರು. ದವಾಖಾನೆಯಲ್ಲಿ ವಿಶಾಖಾಳನ್ನು ‘ನೀ, ಬಾ, ಹೋಗು’ ಎನ್ನುವ ಈ ಮನುಷ್ಯ ಹಾಲಿನಲ್ಲಿ ಮಾತ್ರ ಮಂದಿ ಕೇಳುವಂತೆ “ಬರ್ರಿ ಸಿಸ್ಟರ, ಕೂಡ್ರಿ ಸಿಸ್ಟರ” ಎಂದದ್ದು ಕೇಳಿ ಅವಳಿಗೆ ಮೈಮೇಲೆ ಹುಳ ಹರಿದಂತಾಯಿತು.

ಪಾಠ ಹೇಳಲು ಬಂದವರು ಡಾಕ್ಟರ್ ವಿಜಯಲಕ್ಷ್ಮೀ. ಹೊರಗಿನ ಊರಿನವರು, ಖಡಕ್ ಹೆಂಗಸು. “ನೋವು ಎಷ್ಟು ಅನ್ನೋದನ್ನ ಹೇಳುವ ಹಕ್ಕು ಅನುಭವಿಸುವವರಿಗೆ ಮಾತ್ರ. ನೀವು ಕೇಳಬೇಕು, ನಂಬಬೇಕು, ಬರೆಯಬೇಕು. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ಕೇಳಿ,” ಎಂದರು. ಹಾಲಿನಲ್ಲಿ ಆಕಳಿಕೆ ಸಾಲಾಗಿ ಹೋಯಿತು. ಈ ಮಾತಿನಲ್ಲಿ ಕಲಿಯಲಿಕ್ಕೆ ಕಷ್ಟವಾದದ್ದು ಏನಿದೆ ಎಂದು ವಿಶಾಖಾ ಯೋಚಿಸಿದಳು. ನಂಬುವುದಕ್ಕೆ ಪಾಯಿಂಟು ಕೊಡಬೇಕಾದ ಕಾಲ ಬಂದಿತಲ್ಲ.

ಊಟದ ಮೇಲೆ ಮಂದಿಯ ನಿದ್ದೆ ಬಿಡಿಸಲೆಂದು ವಿಜಯಲಕ್ಷ್ಮೀ ಒಂದು ಆಟ ಹೂಡಿದರು. ಒಬ್ಬರು ರೋಗಿಯಾಗಬೇಕು, ಇನ್ನೊಬ್ಬರು ನೋವು ಕೇಳಿ ಬರೆದುಕೊಳ್ಳಬೇಕು. ರಾಮಲಿಂಗ ತಟ್ಟನೆ ಎದ್ದರು.

“ನಾ ಆಗ್ತೇನ್ರಿ ಪೇಶಂಟ! ನಮ್ಮ ತಿಕೋಟಾ ಮಂದಿ ಎಷ್ಟ ಛಂದ ನಾಟಕಾ ಮಾಡ್ತಾರ ಅನ್ನೂದು ತೋರಸ್ತೇನಿ.”

ಮೇಜಿನ ಮೇಲೆ ಮಲಗಿ, ಕರವಸ್ತ್ರವನ್ನು ಸೆರಗಿನಂತೆ ತಲೆಯ ಮೇಲೆ ಹೊದ್ದು, “ಯವ್ವಾ, ಸತ್ತೆನ್ರೀ, ನನ್ನ ಬೆನ್ನು ಹೋತ್ರೀ ಸಾಹೇಬ್ರ!” ಎಂದು ಮುದುಕಿಯ ದನಿಯಲ್ಲಿ ಒದರಿದರು. ಹಾಲು ನಕ್ಕಿತು. ಮೊಬೈಲುಗಳು ಮೇಲೆದ್ದವು. ಅದು ಯಾರ ದನಿ ಎಂಬುದು ವಿಶಾಖಾಳಿಗೆ ಗೊತ್ತಾಯಿತು. ರಾಜಬಿ ದವಾಖಾನೆಗೆ ಬಂದಾಗ ಹೀಗೆಯೇ ಕೂಗಿದ್ದಳು. ಡಾಕ್ಟರು ಆ ದಿನ ಅವಳ ಮುಖ ನೋಡಿರಲಿಲ್ಲ, ದನಿಯನ್ನು ಮಾತ್ರ ಜೋಪಾನವಾಗಿ ಕಲಿತಿದ್ದರು.

ಅಷ್ಟರಲ್ಲಿ ರಾಮಲಿಂಗ ಅವರ ದನಿ ಮುರಿಯಿತು. ಬಲ ಪಕ್ಕೆ ಹಿಡಿದು ಮಗ್ಗುಲಾದರು. ಮೊಣಕಾಲು ಎದೆಗೆ ತಂದುಕೊಂಡರು. “ಅಯ್ಯೋ, ಅಯ್ಯಯ್ಯೋ!” ಎಂದರು, ಈ ಸಲ ತಮ್ಮದೇ ಗಂಟಲಿನಲ್ಲಿ.

“ಭಾಳ ಛಲೋ ಮಾಡ್ತಾರಲೇ ಇವರು!” ಎನ್ನುತ್ತ ಒಬ್ಬ ಡಾಕ್ಟರ್ ಚಪ್ಪಾಳೆ ಹೊಡೆದ. ಎಲ್ಲರೂ ಹೊಡೆದರು. ನೋವು ಕೇಳಿ ಬರೆಯಬೇಕಾದ ತರುಣ ಡಾಕ್ಟರ್ ನಗು ತಡೆಯುತ್ತ, “ಸೊನ್ನೆಯಿಂದ ಹತ್ತರೊಳಗ ಎಷ್ಟ್ರಿ ಅಜ್ಜೀ?” ಎಂದು ಕೇಳಿದ.

“ನಿಮ್ಮೌನ್, ಖರೇನ ಐತ್ಲೇ!” ಎಂದು ರಾಮಲಿಂಗ ಚೀರಿದರು. ಹಾಲು ಇನ್ನೂ ಜೋರಾಗಿ ನಕ್ಕಿತು. ಹೋಳಿಗೆಯೆಲ್ಲ ಮೇಜಿನ ಮೇಲೆ ವಾಂತಿಯಾದ ಮೇಲೆಯೇ ನಗು ನಿಂತದ್ದು. ಹಾಲಿನ ತುಂಬ ಡಾಕ್ಟರುಗಳು, ಎಲ್ಲರೂ ಬೆಳಗಿನಿಂದ ನೋವಿನ ಪಾಠ ಕೇಳಿದವರು. ಒಬ್ಬ ಮನುಷ್ಯನ ನೋವನ್ನು ನಂಬುವುದಕ್ಕೆ ಅವರಿಗೆ ಅವನ ವಾಂತಿ ಬೇಕಾಯಿತು. ವಿಜಯಲಕ್ಷ್ಮೀ ಓಡಿ ಬಂದು ಪಕ್ಕೆ ಮುಟ್ಟಿ ನೋಡಿ, “ಮೂತ್ರಪಿಂಡದ ಕಲ್ಲು. ಗಾಡಿ ತರಿಸಿ,” ಎಂದರು.

ದೊಡ್ಡ ಆಸ್ಪತ್ರೆಯೊಂದರಲ್ಲಿ ಅವರನ್ನು ಸೇರಿಸಿದರು. ಮೊದಲ ಇಂಜೆಕ್ಷನ್ನಿಗೆ ನೋವು ಇಳಿಯಲಿಲ್ಲ. “ಮಾರ್ಫಿನ್ ಕೊಡ್ರಿ! ಯಾಕ ನಿಂತೀರಿ? ಬೀರುದಾಗ ಇಟ್ಟ ಪೂಜಾ ಮಾಡ್ತೀರೇನು?” ಎಂದು ರಾಮಲಿಂಗ ಅರಚಿದರು. ಕೊಟ್ಟರು. ಸ್ವಲ್ಪ ಹೊತ್ತಿಗೆ ಅವರ ಬಿಗಿದ ಮುಷ್ಟಿ ಸಡಿಲಾಯಿತು, ಮುಖಕ್ಕೆ ಬಣ್ಣ ಬಂತು, ಅದರ ಹಿಂದೆಯೇ ದೌಲತ್ತೂ ಬಂತು.

ಮರುದಿನ ಬೆಳಿಗ್ಗೆ ವಿಶಾಖಾ ಹೋದಾಗ ಅವರು ಅಲ್ಲಿಯ ನರ್ಸಿನ ಮೇಲೆ ಹರಿಹಾಯುತ್ತಿದ್ದರು. ರಾತ್ರಿ ಮತ್ತೊಮ್ಮೆ ನೋವು ಎದ್ದು ಹೊರಳಾಡಿದ್ದರಂತೆ. ಕೇಸ್ ಶೀಟು ನೋಡಿದರೆ ‘ರೋಗಿ ಆರಾಮ’ ಎಂದು ಬರೆದಿತ್ತು.

“ಯಾಂವ ಬರದಾನ ಇದನ್ನ? ನಾ ಇಲ್ಲಿ ಜೀವಾ ಬಿಡಾಕತ್ತಿದ್ದೆ. ಆರಾಮ ಅಂತ ಆರಾಮ! ನನ್ನ ಕೇಳದ ಹೆಂಗ ಬರೀತೀರಿ?”

ಆ ಹುಡುಗಿ ತಲೆ ತಗ್ಗಿಸಿ, “ರೌಂಡಿಗೆ ಮೊದಲ ಬರದಿಡ್ತೇವ್ರಿ ಸರ, ಎಲ್ಲಾರದೂ ಹಂಗ ಬರೀತೇವ್ರಿ,” ಎಂದಳು.

“ನಮ್ಮಲ್ಲೂ ಹಂಗ ಅಲ್ರಿ ಸರ?” ಎಂದಳು ವಿಶಾಖಾ.

ರಾಮಲಿಂಗ ಅವಳನ್ನು ನೋಡಿದರು. ಏನಾದರೂ ತಿಳಿದೀತು ಎಂದು ವಿಶಾಖಾ ಕಾದಳು. ಕಲ್ಲಿರುವುದು ಮೂತ್ರಪಿಂಡದಲ್ಲೇ ಹೊರತು ತಲೆಯಲ್ಲಲ್ಲ ಎಂಬ ಆಸೆ ಅವಳಿಗೆ ಇನ್ನೂ ಇತ್ತು.

“ಅದು ಬ್ಯಾರೆ ಸಿಸ್ಟರ,” ಎಂದರು. “ನಂದು ಖರೇ ನೋವು. ಕಲ್ಲಿನ ನೋವು ಅಂದ್ರ ಏನಂತ ತಿಳದಿ? ಪುಸ್ತಕದಾಗೂ ಹಿಂತಾ ನೋವು ಇನ್ನೊಂದಿಲ್ಲ ಅಂತ ಬರದಾರ.”

“ರಾಜಬಿದ್ರಿ? ಆಕೀಗೆ ಬೆನ್ನಾಗಿನ ಎಲಬು ತಿಂದ ಹೋಗೈತಿ.”

“ಅವರಿಗೆಲ್ಲಾ ರೂಢಿ ಆಗಿರತೈತಿ.”

ರೂಢಿ! ವಿಶಾಖಾ ಕಿಟಕಿಯ ಕಡೆ ತಿರುಗಿ ನಿಂತಳು. ಈ ಮನುಷ್ಯನ ಮುಖಕ್ಕೆ ಹೇಳಬೇಕಾದ ಮಾತು ಬಾಯಿತನಕ ಬಂದು ಕೂತಿತ್ತು. ಹೇಳಿದರೆ ಕೆಲಸ ಹೋಗುತ್ತಿತ್ತು. ಕೆಲಸ ಹೋದರೆ ಆ ಡ್ರಾಯರಿನ ಹತ್ತಿರ ಹೋಗುವವರು ಯಾರೂ ಇರುತ್ತಿರಲಿಲ್ಲ. ನುಂಗಿಕೊಂಡಳು.

ಎರಡನೆಯ ದಿನದ ಪಾಠ ಮನೆ ಭೇಟಿ. ಪ್ರತಿ ಜೋಡಿ ನೋವಿನಲ್ಲಿರುವ ಒಬ್ಬ ರೋಗಿಯ ಮನೆಗೆ ಹೋಗಿ ಕೂತು ಮಾತಾಡಿ, ಮೂರನೆಯ ದಿನ ಹಾಲಿನಲ್ಲಿ ಎದ್ದು ನಿಂತು ಹೇಳಬೇಕು. ಹೇಳಿದವರಿಗೇ ಸರ್ಟಿಫಿಕೇಟು ಎಂದು ವಿಜಯಲಕ್ಷ್ಮೀ ಖಡಾಖಂಡಿತ ಹೇಳಿದ್ದರು.

“ನೀನ ಹೋಗಿ ಬಾ. ಇಬ್ಬರ ಹೆಸರಲೇ ಬರಿ,” ಎಂದರು ರಾಮಲಿಂಗ.

“ಬರಿಯೂದಿಲ್ರಿ.”

“ಏನಂದಿ?”

“ಮಧ್ಯಾಹ್ನ ಡಿಸ್ಚಾರ್ಜ ಮಾಡ್ತಾರಂತ ನಿಮಗ. ಗಾಡಿಯಾಗ ಕೂಡಾಕ ಬರತೈತಿ. ನೀವು ಬರಲಿಲ್ಲಂದ್ರ ನಾಳೆ ನಾ ಒಬ್ಬಾಕೀನ ಎದ್ದ ನಿಂತು ಹೇಳ್ತೇನಿ, ನಾ ಒಬ್ಬಾಕೀನ ಹೋಗಿದ್ದೆ ಅಂತ. ಆ ಮೇಡಂ ಎಂಥಾವ್ರು ಅನ್ನೂದು ನಿಮಗ ಗೊತ್ತೈತಿ.”

ಅವಳಿಗೇ ತನ್ನ ದನಿಯ ಗುರುತು ಸಿಗಲಿಲ್ಲ. ರಾಮಲಿಂಗ ಬೆವರು ಒರೆಸಿಕೊಂಡರು. ಸರ್ಟಿಫಿಕೇಟು ಹಾಕಲು ದವಾಖಾನೆಯ ಗೋಡೆಯಲ್ಲಿ ಆಗಲೇ ಮೊಳೆ ಹೊಡೆಸಿದ್ದರು.

ವಿಶಾಖಾ ಆರಿಸಿದ್ದು ರಾಜಬಿಯ ಮನೆ. ಬಬಲೇಶ್ವರಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅವರು ಡ್ರೈವರನಿಗೆ, “ಸಾವಕಾಶ ಲೇ, ತೆಗ್ಗ ನೋಡಿ ಹೊಡಿ, ನನ್ನ ಪಕ್ಕಿ ಅಳ್ಳಾಡತೈತಿ,” ಎನ್ನುತ್ತಲೇ ಇದ್ದರು. ಇದೇ ತೆಗ್ಗುಗಳನ್ನು ರಾಜಬಿ ಬಸ್ಸಿನಲ್ಲಿ ಕೂತು ದಾಟಿ ಬಂದಿದ್ದಳು.

ಮನೆಯಲ್ಲಿ ರಾಜಬಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಶಾಹೀನ ತಾಯಿಯ ಕಾಲ ಹತ್ತಿರ ಕೂತು ಉಸಿರು ಎಣಿಸುವವಳಂತೆ ನೋಡುತ್ತಿದ್ದಳು. ಡಾಕ್ಟರು ಬಂದರು ಎಂದದ್ದೇ ಆ ಮುದುಕಿ, ದೇವರೇ, ಎದ್ದು ಕೂಡಲು ನೋಡಿದಳು. ಸೆರಗು ಹುಡುಕಿದಳು. ತುಟಿ ಕಚ್ಚಿದ ಗುರುತು ಇನ್ನೂ ಕೆಂಪಾಗಿತ್ತು.

“ಬರ್ರಿ ಸಾಹೇಬ್ರ, ಬಡವರ ಮನಿಗೆ ಬಂದ್ರಿ. ಶಾಹೀನ, ಕುರ್ಚಿ ಹಾಕ, ಚಹಾ ಇಡ.”

“ಹೆಂಗ ಅದೀ ರಾಜಬಿ?” ಎಂದರು ರಾಮಲಿಂಗ, ಕುರ್ಚಿಯಲ್ಲಿ ನಿಧಾನಕ್ಕೆ ಇಳಿಯುತ್ತ.

“ನಿಮ್ಮ ದುವಾದಿಂದ ಆರಾಮ ಅದೇನ್ರಿ.”

ರಾಮಲಿಂಗ ಗೆದ್ದವರಂತೆ ವಿಶಾಖಾಳ ಕಡೆ ತಿರುಗಿದರು. “ಕೇಳಿದೇನ? ಆಕೀನ ಹೇಳಾಕತ್ತಾಳ. ಬರಕೋ.”

ಮನೆಗೆ ಬಂದ ದೊಡ್ಡ ಮನುಷ್ಯನ ಮುಂದೆ ತನ್ನ ಬೇನೆ ಹರಡಬಾರದು ಎಂದು ಆ ಹೆಂಗಸು ಹಲ್ಲು ಕಚ್ಚಿ ಮಾಡಿದ ಮರ್ಯಾದೆ ಅದು. ಅದನ್ನೂ ಈ ಮಹಾರಾಯ ರುಜು ಹಾಕಿ ಚೀಲಕ್ಕೆ ಹಾಕಿಕೊಳ್ಳಲು ತಯಾರಾದ. ಶಾಹೀನ ಎದ್ದು ನಿಂತಳು. ಚಹಾ ಇಡಲು ಹೋಗಲಿಲ್ಲ.

“ಆರಾಮ? ರಾತ್ರಿ ಸೆರಗ ಬಾಯಾಗ ತುರಕೊಂಡ ಅಳತಾಳ್ರಿ, ಓಣ್ಯಾಗ ಕೇಳಬಾರದಂತ. ‘ಯಾ ಅಲ್ಲಾ, ಕರಕೋ’ ಅಂತಾಳ. ಹಡದ ಅವ್ವನ ಬಾಯಿಂದ ಇದನ್ನ ಕೇಳಬೇಕ್ರಿ ನಾ.”

“ಚುಪ್ ರಹೋ,” ಎಂದಳು ರಾಜಬಿ.

“ಇಲ್ಲಮ್ಮಾ, ಇವತ್ತ ಚುಪ್ ಕೂಡೂದಿಲ್ಲ. ಸಾಹೇಬ್ರ, ನಿಮಗ ಕಲ್ಲ ಆಗಿತ್ತಂತಲ್ರಿ? ಸಿಸ್ಟರ ಫೋನಿನಾಗ ಹೇಳಿದ್ರು. ಏನ ಕೊಟ್ರು ನಿಮಗ?”

“ಇಂಜೆಕ್ಷನ್.”

“ಯಾವ್ದು?”

ರಾಮಲಿಂಗ ಛಾವಣಿ ನೋಡಿದರು. ವಿಶಾಖಾ ಹೇಳಿದಳು, “ಮಾರ್ಫಿನ್.”

“ಅದ ಅಲ್ರಿ ನಮ್ಮ ಚೀಟ್ಯಾಗ ಬರದದ್ದು? ನಿಮಗ ಒಂದ ಹೊತ್ತಿನ ನೋವಿಗೆ ಸಿಗತೈತಿ. ನಮ್ಮಮ್ಮಗ ಯಾಕ ಇಲ್ರಿ?”

“ನಮ್ಮ ದವಾಖಾನ್ಯಾಗ ಪರವಾನಗಿ ಇಲ್ಲವ್ವಾ.”

“ಯಾರ ತರಬೇಕ್ರಿ ಅದನ್ನ? ನಾ ತರಲೇನು, ಬಳಿ ಬುಟ್ಟಿಯಾಗ ಇಟಗೊಂಡು?”

“ಸರ್ಕಾರದ ಕೆಲಸಾ, ತಡಾ ಆಗತೈತಿ,” ಎಂದರು ರಾಮಲಿಂಗ. ಸರ್ಕಾರಕ್ಕೆ ಆ ಪತ್ರದ ಸುದ್ದಿಯೇ ಗೊತ್ತಿರಲಿಲ್ಲ. ಅವರು ಪಕ್ಕೆ ಹಿಡಿದುಕೊಂಡು ಎದ್ದರು. ನೋವಿತ್ತೋ, ಹೊರಡಲು ನೆಪ ಬೇಕಿತ್ತೋ. ವಿಶಾಖಾ ರಾಜಬಿಯ ಬೆನ್ನಿನ ಕೆಳಗೆ ದಿಂಬು ಸರಿಮಾಡಿ ಕಿವಿಯ ಹತ್ತಿರ ಬಾಗಿ, “ನನ್ನ ಮುಂದ ಹೇಳಮ್ಮಾ, ಎಷ್ಟೈತಿ?” ಎಂದಳು. ರಾಜಬಿ ಕಣ್ಣು ಮುಚ್ಚಿ, “ಎಣಿಸಾಕ ಬರೂದಿಲ್ಲ ಬೇಟಿ,” ಎಂದಳು. ವಿಶಾಖಾ ಹಾಗೆಯೇ ಬರೆದುಕೊಂಡಳು.

ಮೂರನೆಯ ದಿನ ಹಾಲಿನ ತುಂಬ ಮಂದಿ. ಸರ್ಟಿಫಿಕೇಟು ಕೊಡುವ ದಿನ ಗೈರುಹಾಜರಿ ಎಂಬುದಿರುವುದಿಲ್ಲ. ಪತ್ರಿಕೆಯವರನ್ನೂ ಕರೆಸಿದ್ದರು. ರಾಮಲಿಂಗ ಇಸ್ತ್ರಿಯ ಅಂಗಿ ತೊಟ್ಟು, ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಬಡ ಮುಸ್ಲಿಂ ಹೆಣ್ಣುಮಗಳು, ಬಳೆ ತೊಡಿಸಿ ಮಕ್ಕಳನ್ನು ಸಾಕಿದವಳು, ಸ್ವತಃ ನೋವಿನಲ್ಲಿದ್ದೂ ತಾವು ಅವಳ ಮನೆ ಬಾಗಿಲಿಗೆ ಹೋದದ್ದು, ಅವಳು ‘ನಿಮ್ಮ ದುವಾ’ ಎಂದದ್ದು. ದನಿಯಲ್ಲಿ ನಡುಕ ತರಿಸಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ‘ಸೆರಗು ಬಾಯಲ್ಲಿ ತುರುಕಿಕೊಂಡು ಅಳುತ್ತಾಳೆ’ ಎಂಬ ಶಾಹೀನಳ ಮಾತನ್ನೂ ತಾವೇ ಕಂಡವರಂತೆ ಹೇಳಿದರು. ವಿಶಾಖಾಳಿಗೆ ಆ ಮಾತನ್ನು ಅವರ ಬಾಯಿಂದ ಕಿತ್ತು ತೊಳೆಯಬೇಕೆನಿಸಿತು.

“ಸರಿ,” ಎಂದರು ವಿಜಯಲಕ್ಷ್ಮೀ. “ಆ ನೋವಿಗೆ ನೀವು ಏನು ಮಾಡಿದಿರಿ?”

ಕ್ಯಾಮೆರಾ ಅವರತ್ತಲೇ ಇತ್ತು. ಚಪ್ಪಾಳೆ ಇನ್ನೇನು ಬಿತ್ತು ಎನ್ನುವಲ್ಲಿ ನಿಂತುಬಿಟ್ಟರೆ ರಾಮಲಿಂಗ ಅವರ ಜೀವಕ್ಕೆ ತಡೆಯುವುದಿಲ್ಲ.

“ಮಾರ್ಫಿನ್ ಪರವಾನಗಿಗೆ ಅರ್ಜಿ ಹಾಕೇನ್ರಿ ಮೇಡಂ!” ಎಂದುಬಿಟ್ಟರು. “ನಮ್ಮ ಸಣ್ಣ ದವಾಖಾನ್ಯಾಗೂ ಸಿಗಬೇಕು ಅಂತ. ಪತ್ರಾ ಹೋಗೇ ಬಿಟ್ಟೈತಿ.”

ಬಿತ್ತು ಚಪ್ಪಾಳೆ. ವಿಶಾಖಾ ಕುರ್ಚಿಯ ತುದಿಗೆ ಬಂದಳು. ಎದ್ದು ನಿಂತು ಸುಳ್ಳು ಎನ್ನಬೇಕು ಎಂದು ಕಾಲು ಎಳೆಯಿತು. ಅಷ್ಟರಲ್ಲಿ ವಿಜಯಲಕ್ಷ್ಮೀ ಕನ್ನಡಕ ತೆಗೆದು, “ಬಹಳ ಒಳ್ಳೆಯದಾಯಿತು. ಸೋಮವಾರ ಔಷಧ ಇಲಾಖೆಗೆ ನಾನೇ ಫೋನ್ ಮಾಡಿ ಬೇಗ ನೋಡಲು ಹೇಳುತ್ತೇನೆ. ರಿಜಿಸ್ಟರ್ ಪೋಸ್ಟಿನ ನಂಬರು ಇವತ್ತೇ ನನಗೆ ಕಳಿಸಿಬಿಡಿ ಡಾಕ್ಟರೇ,” ಎಂದರು. ಅವರು ನಂಬಿದ್ದರೋ ಇಲ್ಲವೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ವಿಶಾಖಾ ಮತ್ತೆ ಹಿಂದಕ್ಕೆ ಒರಗಿ ಕೂತಳು. ಕರುಣೆ ಮಾಡದ ಕೆಲಸವನ್ನು ಬಡಿವಾರ ಮಾಡುತ್ತಿದ್ದರೆ ಅವಳು ಯಾಕೆ ಅಡ್ಡ ಬರಬೇಕು?

ಗಾಡಿ ತಿಕೋಟಾದ ಕಡೆ ಓಡಿತು. ಈ ಸಲ ಯಾರೂ ತೆಗ್ಗಿನ ಮಾತೆತ್ತಲಿಲ್ಲ.

ದವಾಖಾನೆ ಮುಟ್ಟಿದವಳೇ ವಿಶಾಖಾ ಡಾಕ್ಟರ ಡ್ರಾಯರು ಎಳೆದಳು. ಔಷಧ ಕಂಪನಿಗಳ ಕ್ಯಾಲೆಂಡರು, ಬಿಸ್ಕೀಟಿನ ಪುಡಿ ಸರಿಸಿ ಅರ್ಜಿ ತೆಗೆದಳು. ನಡುವೆ ಚಹಾ ಕಪ್ಪಿನ ದುಂಡನೆಯ ಕಲೆ.

“ಥೂ, ಹೊಲಸಾಗೈತಿ,” ಎಂದರು ರಾಮಲಿಂಗ. “ನಾಳೆ ಹೊಸಾದು ಟೈಪ ಮಾಡಸೂಣು.”

“ಇದ ಹೋಗಲಿ ಬಿಡ್ರಿ. ಕಲೆ ಇದ್ರ ಓದಾಕ ಬರತೈತಿ. ಡ್ರಾಯರದಾಗ ಇದ್ರ ಬರೂದಿಲ್ಲ.”

ಅವರು ರುಜು ಹಾಕಿದರು. ತಾರೀಖಿನ ಜಾಗಕ್ಕೆ ಬಂದಾಗ ಪೆನ್ನು ತಡೆಯಿತು. ಹಾಲಿನಲ್ಲಿ ಹೇಳಿದ ಸುಳ್ಳಿಗೆ ಹೊಂದಲೆಂದು ಹಿಂದಿನ ವಾರದ ತಾರೀಖು ಬರೆದರು. ಅಂಚೆಯ ಮುದ್ರೆ ಇವತ್ತಿನದೇ ಬೀಳುತ್ತದೆ ಎಂಬುದು ಅಷ್ಟು ಓದಿದ ತಲೆಗೆ ಹೊಳೆಯಲಿಲ್ಲ. ವಿಶಾಖಾ ತಿದ್ದಲಿಲ್ಲ. ಸರ್ಟಿಫಿಕೇಟಿನ ಝೆರಾಕ್ಸು ಲಗತ್ತಿಸಿ, ಲಕೋಟೆಗೆ ಅಂಟು ಹಚ್ಚಿ, ಅವರು ಮತ್ತೇನಾದರೂ ನೆನಪು ಮಾಡಿಕೊಳ್ಳುವುದರೊಳಗೆ ಹೊರಬಿದ್ದಳು.

ಅಂಚೆ ಕಚೇರಿಯ ಕಿಟಕಿ ಮುಚ್ಚುವ ಹೊತ್ತು. ಗುಮಾಸ್ತ ಸೈಫುದ್ದೀನ ಟಪಾಲಿನ ಚೀಲದ ಬಾಯಿಗೆ ಸುತಳಿ ಸುತ್ತುತ್ತಿದ್ದ.

“ನಾಳೆ ಬರ್ರಿ ಸಿಸ್ಟರ. ಚೀಲ ಕಟ್ಟೇವಿ.”

“ಬಿಚ್ಚಪಾ.”

“ಏನ್ರಿ, ಅಷ್ಟ ಅರ್ಜಂಟ?”

“ಹೌದು. ಬಿಚ್ಚು.”

ಅವನು ಅವಳ ಮುಖ ನೋಡಿ ಸುತಳಿ ಸಡಿಲಿಸಿದ. ಲಕೋಟೆ ತೂಗಿದ, ನಂಬರಿನ ಚೀಟಿ ಅಂಟಿಸಿದ, ರಶೀದಿ ಹರಿದು ಕೊಟ್ಟ. ಮುದ್ರೆಯನ್ನು ಮಸಿಯ ಮೇಲೆ ಒತ್ತಿ ಲಕೋಟೆಯ ಮೇಲೆ ಧಡ್ ಎಂದು ಹೊಡೆದು, ಚೀಲದೊಳಕ್ಕೆ ಬಿಟ್ಟ.